ಓದುಗರ ಸ್ಪಂದನ: ಪ್ರಮಾಣಪತ್ರವಿದೆ, ಕೆಲಸದಲ್ಲಿ ಅದೇ ತಪ್ಪು

ಸಮಸ್ಯೆ: ನಮ್ಮ ಗ್ರಾಹಕ ಸೇವಾ ವಿಭಾಗದ ತರಬೇತಿಯೆಲ್ಲ ಒಂದು ವರ್ಷದಿಂದ ಆನ್‌ಲೈನ್‌ನಲ್ಲೇ ನಡೆಯುತ್ತಿದೆ. ಎಲ್ಲರೂ ಪಾಠ ಮುಗಿಸಿ ಪ್ರಮಾಣಪತ್ರ ಪಡೆದಿದ್ದಾರೆ, ತಪ್ಪುಗಳು ಮಾತ್ರ ಕಡಿಮೆಯಾಗಿಲ್ಲ. ತರಗತಿಗೆ ಮರಳೋಣವೆಂದರೆ ಆಡಳಿತದವರು ಖರ್ಚಿನ ಮಾತೆತ್ತುತ್ತಾರೆ. ತರಬೇತಿಯ ಹೊಣೆ ಹೊತ್ತ ನಾನು ಏನು ಮಾಡಲಿ?

* * *

ಪಾಠ ಮುಗಿಯಿತು ಎಂದರೆ ಕಲಿತಾಯಿತು ಎಂದಲ್ಲ. ನನ್ನ ಸಹೋದ್ಯೋಗಿಯೊಬ್ಬರು ವಿಡಿಯೊದ ಧ್ವನಿ ಅಡಗಿಸಿ, ಅದನ್ನು ಪರದೆಯ ಮೂಲೆಗೆ ಸರಿಸಿ, ಇಮೇಲ್‌ಗಳಿಗೆ ಉತ್ತರ ಬರೆಯುತ್ತಲೇ ನಡುನಡುವೆ ‘ಮುಂದೆ’ ಗುಂಡಿ ಒತ್ತಿ, ಕೊನೆಯ ಪ್ರಶ್ನೆಗಳಿಗೆ ಪಕ್ಕದವರನ್ನು ಕೇಳಿ ಉತ್ತರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತರಗತಿಯ ಹಿಂದಿನ ಸಾಲಿನಲ್ಲಿ ತೂಕಡಿಸಿದವರನ್ನೂ ಕಂಡಿದ್ದೇನೆನ್ನಿ. ಹಾಜರಿ ಪುಸ್ತಕದಲ್ಲಿ ಅವರ ಸಹಿಯೂ ಇತ್ತು.

ಆನ್‌ಲೈನ್ ಪಾಠವನ್ನೂ ತರಗತಿಯನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಸಂಶೋಧಕಿ ಟ್ರೇಸಿ ಸಿಟ್ಜ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಮಾಹಿತಿ ತಿಳಿಸುವುದರಲ್ಲಿ ಆನ್‌ಲೈನ್ ಪಾಠ ತರಗತಿಗಿಂತ ಶೇ 6ರಷ್ಟು ಮುಂದಿತ್ತು, ಕೆಲಸ ಮಾಡುವ ವಿಧಾನ ಕಲಿಸುವುದರಲ್ಲಿ ಎರಡೂ ಸಮನಾಗಿದ್ದವು. ಎರಡೂ ಕಡೆ ಒಂದೇ ಬೋಧನಾ ಕ್ರಮ ಅನುಸರಿಸಿದ್ದಲ್ಲಿ ಮೊದಲಿನ ಮುನ್ನಡೆಯೂ ಉಳಿಯಲಿಲ್ಲ. ಆದ್ದರಿಂದ ಪಾಠ ಎಲ್ಲಿ ನಡೆಯುತ್ತದೆ ಎಂಬುದಕ್ಕಿಂತ, ಪಾಠದ ಹೊತ್ತಿನಲ್ಲಿ ಕಲಿಯುವವರು ಏನು ಮಾಡುತ್ತಿರುತ್ತಾರೆ ಎಂಬುದನ್ನು ನೀವು ನೋಡಬೇಕು. ಸಿಟ್ಟಿಗೆದ್ದ ಗ್ರಾಹಕರಿಗೆ ಸಮಾಧಾನ ಹೇಳುವುದನ್ನು ವಿಡಿಯೊ ನೋಡಿ ಕಲಿಯಲಾಗದು. ಆಡಿ ತೋರಿಸಬೇಕು, ಆಡಿದ್ದನ್ನು ಇನ್ನೊಬ್ಬರು ಕೇಳಿ ಅಲ್ಲೇ ತಿದ್ದಬೇಕು. ನಿಯಮಗಳು ಮತ್ತು ತಂತ್ರಾಂಶದ ಪರಿಚಯ ಆನ್‌ಲೈನ್‌ನಲ್ಲೇ ಇರಲಿ. ಅದು ಮುಗಿದ ವಾರದಲ್ಲೇ ಆರು ಜನರನ್ನು ಎರಡು ಗಂಟೆ ಕೂರಿಸಿ, ಒಬ್ಬರು ಗ್ರಾಹಕರಾಗಿ ಇನ್ನೊಬ್ಬರು ಸಿಬ್ಬಂದಿಯಾಗಿ ಮಾತನಾಡುವಂತೆ ಮಾಡಿ. ತಿಂಗಳ ಬಳಿಕ ಅದೇ ಅಭ್ಯಾಸವನ್ನು ಅರ್ಧ ಗಂಟೆ ಮತ್ತೆ ಮಾಡಿಸಿ, ಇಲ್ಲವಾದರೆ ಕಲಿತದ್ದು ಮರೆತುಹೋಗುತ್ತದೆ.

— ನಿವೃತ್ತ ತರಬೇತುದಾರ

* * *

ಖರ್ಚಿನ ಮಾತಿಗೆ ಲೆಕ್ಕದಿಂದಲೇ ಉತ್ತರ ಕೊಡಿ. ತರಬೇತಿಯ ಫಲವನ್ನು ಕಲಿತವರ ಅಭಿಪ್ರಾಯ, ಕಲಿಕೆ, ಕೆಲಸದಲ್ಲಿನ ನಡವಳಿಕೆ, ಸಂಸ್ಥೆಗಾದ ಪರಿಣಾಮ ಎಂಬ ನಾಲ್ಕು ಹಂತಗಳಲ್ಲಿ ಅಳೆಯುವ ಕ್ರಮವನ್ನು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಮುಂದಿಟ್ಟರು. ನಿಮ್ಮ ಪ್ರಮಾಣಪತ್ರ ಎರಡನೆಯ ಹಂತವನ್ನೂ ಪೂರ್ತಿ ಮುಟ್ಟಿದಂತಿಲ್ಲ. ಪದೇ ಪದೇ ಆಗುವ ಒಂದೇ ಒಂದು ತಪ್ಪನ್ನು ಆರಿಸಿಕೊಂಡು, ಉದಾಹರಣೆಗೆ ದೂರನ್ನು ಬೇರೆ ವಿಭಾಗಕ್ಕೆ ದಾಟಿಸುವುದನ್ನು, ತಿಂಗಳಿಗೆ ಎಷ್ಟು ಸಲ ಆಗುತ್ತಿದೆ ಎಂದು ಎಣಿಸಿರಿ. ಒಂದು ತಂಡಕ್ಕೆ ಮಾತ್ರ ಮುಖಾಮುಖಿ ಅಭ್ಯಾಸ ಮಾಡಿಸಿ, ಇನ್ನೊಂದನ್ನು ಈಗಿರುವಂತೆಯೇ ಬಿಟ್ಟು, ಎರಡು ತಿಂಗಳ ನಂತರ ಎರಡೂ ಎಣಿಕೆಗಳನ್ನು ಆಡಳಿತದವರ ಮುಂದಿಡಿ. ವ್ಯತ್ಯಾಸ ಕಾಣದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ತಪ್ಪಿನ ಮೂಲ ತರಬೇತಿಯಲ್ಲಿರದೆ ಕೆಲಸದ ಒತ್ತಡದಲ್ಲೋ ಗೊಂದಲದ ನಿಯಮದಲ್ಲೋ ಇರಬಹುದು.

— ಲೆಕ್ಕಪತ್ರ ವಿಭಾಗದ ಉದ್ಯೋಗಿ

* * *

ಪಾಳಿಯಲ್ಲಿ ದುಡಿಯುವ ನನ್ನಂಥವರಿಗೆ ಆನ್‌ಲೈನ್ ಪಾಠವೇ ಅನುಕೂಲ, ದಯವಿಟ್ಟು ಅದನ್ನು ಪೂರ್ತಿ ಕೈಬಿಡಬೇಡಿ. ಅರ್ಥವಾಗದ್ದನ್ನು ಮೂರು ಸಲ ಕೇಳಲು ತರಗತಿಯಲ್ಲಿ ಸಂಕೋಚವಾಗುತ್ತದೆ, ಪರದೆಯ ಮುಂದೆ ಹಿಂದಕ್ಕೆ ಓಡಿಸಿ ನೋಡಲು ಸಂಕೋಚವಿಲ್ಲ. ಆದರೆ ಪಾಠಕ್ಕೆ ಕೆಲಸದ ಅವಧಿಯಲ್ಲೇ ಸಮಯ ಕೊಡಿಸಿ. ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಪಾಠ ತೆರೆಯುವವರು ‘ಮುಂದೆ’ ಗುಂಡಿಯನ್ನಷ್ಟೇ ಒತ್ತುತ್ತಾರೆ, ನಾನೂ ಒತ್ತಿದ್ದೇನೆ.

— ಪಾಳಿ ಕೆಲಸದ ಓದುಗಿ