ಮೊದಲು ತುಂಬಿದ 4ಎಸ್ ಮೊದಲೇ ಖಾಲಿಯಾಗುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗಳಿಗೆ, ಕಬ್ಬಿಣದ ಎಲೆಕ್ಟ್ರಾನ್ ವಿನ್ಯಾಸ ಬರೆಯುವಾಗ 3ಡಿಗಿಂತ ಮೊದಲು 4ಎಸ್ ಕಕ್ಷಕವನ್ನು (ಎಲೆಕ್ಟ್ರಾನ್‌ಗಳು ಇರುವ ವಲಯವನ್ನು) ತುಂಬಬೇಕೆಂದೂ, ಅದೇ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ (ವಿದ್ಯುದಾವೇಶವುಳ್ಳ ಪರಮಾಣು) ಆಗುವಾಗ ಎಲೆಕ್ಟ್ರಾನ್‌ಗಳನ್ನು 4ಎಸ್‌ನಿಂದಲೇ ಮೊದಲು ತೆಗೆಯಬೇಕೆಂದೂ ಕಲಿಸಿದ್ದಾರೆ. ಶಕ್ತಿ ಕಡಿಮೆಯೆಂದು ಮೊದಲು ಸೇರಿದ ಎಲೆಕ್ಟ್ರಾನ್ ಮೊದಲೇ ಹೊರಡುವುದು ಹೇಗೆ ಎಂಬುದು ಅವಳ ಸಂದೇಹ. ನನಗೂ ಉತ್ತರ ತೋಚಲಿಲ್ಲ.

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ): ನಿಮ್ಮ ಮಗಳ ಸಂದೇಹ ಸರಿಯಾದದ್ದೇ, ತೊಡಕಿರುವುದು ನಾವು ಪಾಠ ಹೇಳುವ ರೀತಿಯಲ್ಲಿ. ಪ್ರಧಾನ ಕ್ವಾಂಟಮ್ ಸಂಖ್ಯೆಗೆ (ಕಕ್ಷಕದ ಹೆಸರಿನಲ್ಲಿರುವ ಅಂಕಿಗೆ) ಕೋನೀಯ ಕ್ವಾಂಟಮ್ ಸಂಖ್ಯೆಯನ್ನು (ಎಸ್‌ಗೆ 0, ಡಿಗೆ 2) ಕೂಡಿಸಿದರೆ 4ಎಸ್‌ಗೆ 4, 3ಡಿಗೆ 5 ಬರುವುದರಿಂದ 4ಎಸ್ ಮೊದಲು ತುಂಬುತ್ತದೆ ಎನ್ನುತ್ತೇವೆ. ಈ ಲೆಕ್ಕ ಆವರ್ತಕ ಕೋಷ್ಟಕದಲ್ಲಿ ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಸಾಗುವಾಗ ತಟಸ್ಥ ಪರಮಾಣುಗಳ ವಿನ್ಯಾಸ ಹೇಗೆ ಬದಲಾಗುತ್ತದೆಂದು ನೆನಪಿಡಲು ಒದಗುತ್ತದೆಯೇ ಹೊರತು, ಒಂದೇ ಪರಮಾಣುವಿನೊಳಗೆ ಎಲೆಕ್ಟ್ರಾನ್‌ಗಳು ಸರದಿಯಲ್ಲಿ ಬಂದು ಕುಳಿತ ಕಥೆಯನ್ನು ಹೇಳುವುದಿಲ್ಲ.

ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗಳಲ್ಲಿ 4ಎಸ್ ನಿಜವಾಗಿಯೂ 3ಡಿಗಿಂತ ಕೆಳಗಿದೆ. ಪರಮಾಣು ಸಂಖ್ಯೆ 21ರ ಸ್ಕ್ಯಾಂಡಿಯಂಗೆ ಬರುವಷ್ಟರಲ್ಲಿ ನ್ಯೂಕ್ಲಿಯಸ್ಸಿನ ಸೆಳೆತ ಹೆಚ್ಚಿ, ಒಳಭಾಗದಲ್ಲೇ ಹರಡಿಕೊಂಡ 3ಡಿ ಕೆಳಗಿಳಿಯುತ್ತದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡು ಆರ್ಗಾನ್‌ನಂತೆ 18 ಎಲೆಕ್ಟ್ರಾನ್‌ಗಳೊಡನೆ ಉಳಿದ ಸ್ಕ್ಯಾಂಡಿಯಂ ಅಯಾನಿಗೆ ಒಂದನ್ನು ಮರಳಿಸಿದರೆ, ಅದು ಹೋಗುವುದು 4ಎಸ್‌ಗಲ್ಲ, 3ಡಿಗೆ. ಇದು ರೋಹಿತಗಳ (ಪರಮಾಣುಗಳು ಸೂಸುವ ಅಥವಾ ಹೀರುವ ಬೆಳಕಿನ) ಅಧ್ಯಯನದಿಂದ ತಿಳಿದಿರುವ ಸಂಗತಿ. ಎರಡನೆಯದೂ ಮೂರನೆಯದೂ 4ಎಸ್ ಸೇರುತ್ತವೆ. 3ಡಿ ಇಕ್ಕಟ್ಟಾದ ಕಕ್ಷಕವಾದ್ದರಿಂದ ಅಲ್ಲಿನ ಎಲೆಕ್ಟ್ರಾನ್‌ಗಳ ನಡುವಣ ವಿಕರ್ಷಣೆ ಹೆಚ್ಚು. ಹೊರಗೆ ವಿಶಾಲವಾಗಿ ಹರಡಿದ 4ಎಸ್‌ನಲ್ಲಿ ಇಬ್ಬರನ್ನು ಇರಿಸಿದಾಗ ಇಡೀ ಪರಮಾಣುವಿನ ಒಟ್ಟು ಶಕ್ತಿ ತಗ್ಗುತ್ತದೆ. ನೋಡಬೇಕಾದದ್ದು ಈ ಒಟ್ಟು ಶಕ್ತಿಯನ್ನು, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಬಿಡಿ ಕಕ್ಷಕಗಳನ್ನಲ್ಲ. ಕಬ್ಬಿಣದಲ್ಲಿ 3ಡಿಯಲ್ಲಿ ಆರು, 4ಎಸ್‌ನಲ್ಲಿ ಎರಡು ಎಲೆಕ್ಟ್ರಾನ್‌ಗಳಿವೆ. ಹೊರಗಿದ್ದು ಸುಲಭವಾಗಿ ಬಿಟ್ಟುಹೋಗುವ 4ಎಸ್‌ನ ಆ ಎರಡು ಮೊದಲು ಹೋದರೆ ಫೆರಸ್ ಅಯಾನ್, 3ಡಿಯಿಂದ ಇನ್ನೊಂದು ಹೋದರೆ ಫೆರಿಕ್ ಅಯಾನ್.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಿದ್ದರೆ ಕ್ರೋಮಿಯಂ ಮತ್ತು ತಾಮ್ರಗಳಲ್ಲಿ 4ಎಸ್‌ನಲ್ಲಿ ಒಂದೇ ಎಲೆಕ್ಟ್ರಾನ್ ಇರುವುದಕ್ಕೆ, ಅರ್ಧ ತುಂಬಿದ ಅಥವಾ ಪೂರ್ಣ ತುಂಬಿದ ಡಿ ಉಪಕವಚ (ಡಿ ಕಕ್ಷಕಗಳ ಗುಂಪು) ಸ್ಥಿರ ಎಂಬ ಕಾರಣ ಸಾಕೇ ಮೇಡಂ?

ಉತ್ತರ: ಪರೀಕ್ಷೆಗೆ ಸಾಕು, ನನ್ನ ಮಟ್ಟಿಗೆ ಸಾಲದು. ಒಂದೇ ದಿಕ್ಕಿನ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಹೆಚ್ಚಿದಷ್ಟೂ ವಿನಿಮಯ ಶಕ್ತಿಯ (ಅಂಥ ಎಲೆಕ್ಟ್ರಾನ್‌ಗಳು ಒಟ್ಟಿಗಿದ್ದಾಗ ಪರಮಾಣುವಿನ ಶಕ್ತಿ ತಗ್ಗುವ) ಲಾಭ ಹೆಚ್ಚುವುದು ನಿಜ. ಆದರೆ ಕ್ರೋಮಿಯಂ ಇರುವ ಗುಂಪಿನಲ್ಲೇ ಮಾಲಿಬ್ಡಿನಂ ಅದರ ದಾರಿಯಲ್ಲಿ ನಡೆದರೂ, ಟಂಗ್‌ಸ್ಟನ್ ಮಾತ್ರ 5ಡಿಯಲ್ಲಿ ನಾಲ್ಕು, 6ಎಸ್‌ನಲ್ಲಿ ಎರಡು ಎಲೆಕ್ಟ್ರಾನ್‌ಗಳನ್ನು ಇಟ್ಟುಕೊಳ್ಳುತ್ತದೆ. ನಿಕ್ಕಲ್, ಪಲ್ಲೇಡಿಯಂ, ಪ್ಲಾಟಿನಂ ಒಂದೇ ಗುಂಪಿನವಾದರೂ ಹೊರಗಿನ ಎಸ್ ಕಕ್ಷಕದಲ್ಲಿ ಕ್ರಮವಾಗಿ ಎರಡು, ಸೊನ್ನೆ, ಒಂದು ಎಲೆಕ್ಟ್ರಾನ್‌ಗಳನ್ನು ಹೊಂದಿವೆ. ಎಸ್ ಮತ್ತು ಡಿ ಶಕ್ತಿಗಳ ನಡುವಣ ಅಂತರ, ವಿಕರ್ಷಣೆ, ವಿನಿಮಯ, ಭಾರವಾದ ಧಾತುಗಳಲ್ಲಿ ಎಲೆಕ್ಟ್ರಾನ್‌ಗಳ ಅತಿ ವೇಗದಿಂದ ಬರುವ ಸಾಪೇಕ್ಷತೆಯ ಪರಿಣಾಮ, ಇವೆಲ್ಲ ಸೇರಿಯೇ ವಿನ್ಯಾಸವನ್ನು ತೀರ್ಮಾನಿಸುತ್ತವೆ.

ಮಗಳಿಗೆ ಒಂದು ರೂಢಿ ಮಾಡಿಸಿ: ವಿನ್ಯಾಸವನ್ನು ಬರೆದು ಮುಗಿಸಿದ ಮೇಲೆ 3ಡಿಯನ್ನು ಮೊದಲು, 4ಎಸ್ ಅನ್ನು ಕೊನೆಗೆ ಇರಿಸಲಿ. ಆಗ ಅಯಾನಿನ ಲೆಕ್ಕದಲ್ಲಿ ಎಲೆಕ್ಟ್ರಾನ್ ತೆಗೆಯುವ ತುದಿ ತಪ್ಪುವುದಿಲ್ಲ.