ಅಪ್‌ಡೇಟ್: ಕ್ಯಾರವಾನ್ ಕೊಳ್ಳಲಿಲ್ಲ, ಬಾಡಿಗೆಗೆ ತಗೊಂಡ್ವಿ

ರಿಟೈರ್ ಆದಾಗ ಬರೋ ದುಡ್ಡಲ್ಲಿ ಕ್ಯಾರವಾನ್ (ಒಳಗೇ ಮಲಗೋಕೆ ಮಂಚ, ನೀರಿನ ಟ್ಯಾಂಕ್ ಇರೋ ಮನೆಯಂಥ ಗಾಡಿ) ಕೊಂಡು ಮೊಮ್ಮಕ್ಕಳನ್ನ ಸುತ್ತಾಡಿಸಲಾ ಅಂತ ಕೇಳಿದ್ದೆ. ಹೆಚ್ಚಿನವರು ‘ಮೊದಲು ಬಾಡಿಗೆಗೆ ತಗೊಂಡು ಒಂದು ರಾತ್ರಿ ಮಲಗಿ ನೋಡ್ರಿ’ ಅಂದಿದ್ರಿ. ಒಳ್ಳೇದೇ ಆಯ್ತು.

ದಾವಣಗೆರೆಯಿಂದ ಹೊರಟು ಸೂಳೆಕೆರೆ ಹತ್ತಿರ ಬೀಗರ ಅಡಿಕೆ ತೋಟದಲ್ಲಿ ನಿಲ್ಲಿಸಿದ್ವಿ. ಸಂಜೆ ಕೆರೆ ಏರಿ ಮೇಲೆ ಓಡಾಟ, ಆಮೇಲೆ ಮಂಡಕ್ಕಿ, ಮೆಣಸಿನಕಾಯಿ. ಗಾಡಿಯ ಮೇಲಿನ ಮಂಚಕ್ಕೆ ಮೊಮ್ಮಕ್ಕಳಿಬ್ಬರೂ ಕಿತ್ತಾಡಿದ್ರು. ಗೆದ್ದವನು ರಾತ್ರಿ ಹನ್ನೊಂದಕ್ಕೆ ಸದ್ದಿಲ್ಲದೆ ಇಳಿದು ಬಂದು ಅಜ್ಜಿ ಸೆರಗು ಹಿಡ್ಕೊಂಡು ಮಲಗಿದ್ದ! ಬೆಳಿಗ್ಗೆ ಟ್ಯಾಂಕಲ್ಲಿ ಹನಿ ನೀರಿಲ್ಲ. ಮೊಮ್ಮಗಳು ಪುಟ್ಟಿ ರಾತ್ರಿ ನಲ್ಲಿ ಸರಿಯಾಗಿ ತಿರುಗಿಸಿರಲಿಲ್ಲ. ತೋಟದಲ್ಲಿ ಬೋರ್‌ವೆಲ್ ಇತ್ತು, ಬದುಕಿದ್ವಿ. ಇನ್ನೊಂದು, ಗಾಡಿ ಒಳಗೆ ಒಗ್ಗರಣೆ ಹಾಕೋಕೆ ಹೋಗಬೇಡಿ, ಹಾಸಿಗೆಯೆಲ್ಲ ಘಾಟು.

ದಸರಾ ರಜೆಗೆ ಚಿತ್ರದುರ್ಗದ ಕೋಟೆ ನೋಡ್ಕೊಂಡು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ. 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾನೊಬ್ಬನೇ ಹೋಗಿ ನೋಡಿದ್ದೆ. ಈ ಸಲ ಇಬ್ಬರನ್ನೂ ಕೈ ಹಿಡಿದು ತೋರಿಸಬೇಕು. ಮೊಮ್ಮಗ ಈಗಲೇ ಕೆಳಗಿನ ಮಂಚ ಬುಕ್ ಮಾಡಿದ್ದಾನೆ.