‘ಸಂಶೋಧನಾ ಜಾಲ’ ಅಂತ ಬರೆದ್ರೆ ಸರಿ ಹೋಗುತ್ತಾ? ಬೇರೆ ಪದ ಇದ್ರೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ರಿಸರ್ಚ್ ನೆಟ್‌ವರ್ಕ್ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನೋದು ಎರಡು ವಾರದಿಂದ ತಲೆ ತಿಂತಾ ಇದೆ, ಬಲ್ಲವರು ದಾರಿ ತೋರಿಸಿ.

ರೈತರಿಗೆ ಅಂತಲೇ ಹೊರಡೋ ಒಂದು ಸಣ್ಣ ಮಾಸಪತ್ರಿಕೆಗೆ ಕಿರುಧಾನ್ಯಗಳ ಅಖಿಲ ಭಾರತ ಯೋಜನೆ ಬಗ್ಗೆ ಲೇಖನ ಬರೀತಾ ಇದೀನಿ. ರಾಗಿ, ನವಣೆ, ಸಾಮೆ, ಹಾರಕ, ಬರಗು, ಊದಲು, ಇವುಗಳ ಹೊಸ ತಳಿಗಳನ್ನ ದೇಶದ ಬೇರೆ ಬೇರೆ ಕಡೆ ಒಟ್ಟಿಗೆ ಬಿತ್ತಿ ನೋಡೋ ಯೋಜನೆ ಅದು, ದುಡ್ಡು ಹೆಚ್ಚಿನಂಶ ದಿಲ್ಲಿಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಂದ ಬರುತ್ತೆ, ಕೆಲಸ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತೆ. ನಾನು ತಲೆಬರಹ ‘ರಾಗಿ ಸಂಶೋಧನೆಯ ರಾಷ್ಟ್ರೀಯ ಜಾಲ’ ಅಂತ ಇಟ್ಟಿದ್ದೆ. ಊರಿಗೆ ಹೋದಾಗ ದೊಡ್ಡಪ್ಪನಿಗೆ ಓದಿ ಹೇಳ್ದೆ, ಅವರು ಇವತ್ತಿಗೂ ಮೂರು ಎಕರೆ ರಾಗಿ ಬೆಳೆಯೋರು. ತಲೆಬರಹ ಕೇಳಿದ ಕೂಡ್ಲೇ "ಯಾರಪ್ಪ ಅವ್ರು, ನಕಲಿ ಬಿತ್ತನೆ ಬೀಜ ಮಾರ್ತಿದ್ದೋರು ಸಿಕ್ಕಾಕ್ಕೊಂಡ್ರಾ?" ಅಂದ್ರು. ನಿಜವಾಗ್ಲೂ ಹಾಗೇ ಅಂದ್ಕೊಂಡು ಕೇಳಿದ್ದು.

ಆಮೇಲೆ ಯೋಚನೆ ಮಾಡ್ತಾ ಹೋದ್ರೆ ಅವರದ್ದೇ ಸರಿ ಅನ್ನಿಸ್ತು. ಪೇಪರಲ್ಲಿ ದಿನಾ ಓದೋದು ‘ಮಾದಕವಸ್ತು ಜಾಲ’, ‘ವಂಚಕರ ಜಾಲ’, ‘ಜಾಲ ಭೇದಿಸಿದ ಪೊಲೀಸರು’. ಹಾಗಂತ ಪದವೇ ಕೆಟ್ಟಿದೆ ಅನ್ನೋಕಾಗಲ್ಲ, ಅಂತರ್ಜಾಲ ಅಂತೀವಿ, ಜಾಲತಾಣ ಅಂತೀವಿ, ರಸ್ತೆ ಜಾಲ, ರೈಲು ಜಾಲ ಅಂತೀವಿ, ಯಾರಿಗೂ ಏನೂ ಅನ್ಸಲ್ಲ. ನನಗೆ ಕಾಣ್ತಿರೋದು ಏನಂದ್ರೆ ತಂತಿ, ರಸ್ತೆ, ಹಳಿ ಇಂಥ ವಸ್ತುಗಳು ಸೇರಿ ಜಾಲ ಆದ್ರೆ ತೊಂದರೆ ಇಲ್ಲ, ಮನುಷ್ಯರು ಸೇರಿ ಜಾಲ ಆದ್ರು ಅಂದ ತಕ್ಷಣ ಏನೋ ಕಳ್ಳ ವ್ಯವಹಾರ ಅನ್ನೋ ಅರ್ಥ ಬಂದ್ಬಿಡುತ್ತೆ. ಈ ಗೆರೆ ನಿಮಗೂ ಹೀಗೇ ಕಾಣುತ್ತಾ, ಇಲ್ಲಾ ನನಗೆ ಮಾತ್ರಾನಾ? ಮನುಷ್ಯರ ಗುಂಪಿಗೆ ಒಳ್ಳೆ ಅರ್ಥದಲ್ಲಿ ‘ಜಾಲ’ ಬಳಸಿರೋ ವಾಕ್ಯ, ಇಂಗ್ಲಿಷಿಂದ ಅನುವಾದ ಆಗಿರದ್ದು, ಯಾರಾದ್ರೂ ತೋರಿಸಿದ್ರೆ ತುಂಬಾ ಸಹಾಯ.

‘ಒಕ್ಕೂಟ’ ನೋಡ್ದೆ, ಹಳ್ಳೀಲಿ ಒಕ್ಕೂಟ ಅಂದ್ರೆ ಹಾಲು ಇಲ್ಲಾ ಸ್ತ್ರೀಶಕ್ತಿ ಸಂಘ. ‘ಕೂಟ’ ರಾಜಕೀಯದವರ ಪಾಲಾಗಿದೆ. ‘ಸಹಕಾರಿ ಸಂಶೋಧನೆ’ ಅಂದ್ರೆ ಸೊಸೈಟಿ, ಸಾಲ, ಷೇರು. ‘ಸಹಯೋಗ’ ಪರವಾಗಿಲ್ಲ, ಆದ್ರೆ ಅದು ಆಹ್ವಾನ ಪತ್ರಿಕೆಯ ಕೆಳಗಿನ ಸಾಲಿನ ಪದ ಆಗಿಹೋಗಿದೆ, ‘ಇವರ ಸಹಯೋಗದಲ್ಲಿ’ ಅಂತ.

ಯೋಜನೆಯ ಅಧಿಕೃತ ಹೆಸರಲ್ಲೂ ಒಮ್ಮತ ಇಲ್ಲ. ಇಂಗ್ಲಿಷಿನ ಕೋಆರ್ಡಿನೇಟೆಡ್ ಅನ್ನೋದಕ್ಕೆ ಒಂದು ಕಡೆ ‘ಸುಸಂಘಟಿತ’, ಇನ್ನೊಂದು ಕಡೆ ‘ಸಮನ್ವಯ’, ಮತ್ತೊಂದು ಕಡೆ ‘ಸಂಯೋಜಿತ’. ಸುಸಂಘಟಿತ ಅನ್ನೋದು ನನಗೆ ಒಪ್ಪಿಗೆ ಆಗ್ತಿಲ್ಲ, ಚೆನ್ನಾಗಿ ಸಂಘಟನೆ ಆಗಿರೋದು ಅಂತ ಹೊಗಳಿಕೆ ಆಗುತ್ತೆ ಹೊರತು ಹಲವರ ಕೆಲಸ ಒಂದಕ್ಕೊಂದು ಹೊಂದಿಸಿದ್ದು ಅನ್ನೋ ಅರ್ಥ ಬರಲ್ಲ. ಪ್ರಾಜೆಕ್ಟ್‌ಗೆ ‘ಪ್ರಾಯೋಜನೆ’ ಅಂತ ಬರೆಯೋರಿದಾರೆ, ಟೀವಿಯಲ್ಲಿ ಪ್ರಾಯೋಜಕರು ಅಂದ್ರೆ ಜಾಹೀರಾತು ಕೊಟ್ಟೋರು, ಹಾಗಾಗಿ ಅದನ್ನ ಓದಿದವರು ಯಾವುದೋ ಕಂಪನಿ ದುಡ್ಡು ಹಾಕಿದೆ ಅಂದ್ಕೋತಾರೆ. ಇಲ್ಲಿ ದುಡ್ಡು ಸರ್ಕಾರದ್ದು.

ಪದ ಹುಡುಕೋ ಮೊದ್ಲು ಈ ಕೆಲಸ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಸುಮ್ನೆ ನಿಘಂಟು ತಿರುವಿ ಹಾಕಿದ ಹಾಗಾಗುತ್ತೆ. ಇಂಥ ಯೋಜನೆ ನಮ್ಮಲ್ಲಿ ಮೊದಲು ಶುರುವಾಗಿದ್ದು 1957ರಲ್ಲಿ, ಮೆಕ್ಕೆಜೋಳಕ್ಕೆ. ಅದು ಚೆನ್ನಾಗಿ ನಡೀತು ಅಂತ ಬೇರೆ ಬೆಳೆಗಳಿಗೂ ವಿಸ್ತರಿಸಿದ್ರು, 1965ರಲ್ಲಿ ಹೈದರಾಬಾದಿನಲ್ಲಿ ಭತ್ತದ್ದು ಶುರುವಾಯ್ತು, ಮೂರೇ ವರ್ಷಕ್ಕೆ, 1968ರಲ್ಲಿ, ಅಲ್ಲಿಂದ ‘ಜಯ’ ತಳಿ ಬಂತು, ನಮ್ಮ ಕಾಲುವೆ ಸೀಮೆಯ ಹಿರಿಯರನ್ನ ಕೇಳಿದ್ರೆ ಜಯ ಭತ್ತ ಗೊತ್ತಿಲ್ಲ ಅನ್ನೋರು ಸಿಗಲ್ಲ. ಕಿರುಧಾನ್ಯಗಳಿಗೆ ಪ್ರತ್ಯೇಕ ಯೋಜನೆ ಆಗಿದ್ದು 1986ರಲ್ಲಿ, ಅದರ ಸಮನ್ವಯ ಘಟಕ ಬಹಳ ಕಾಲ ಇದ್ದದ್ದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲೇ. ಜಿಪಿಯು-28 ರಾಗಿ ಬೆಳೆದವರು ಈ ಪಟ್ಟಿಯಲ್ಲೂ ಇರ್ತೀರಿ, ಬೆಂಕಿ ರೋಗ ತಡೆಯುತ್ತೆ ಅಂತ ಮನೆಮಾತಾದ ತಳಿ, ಅದು ಆ ಅಂಗಳದ್ದೇ.

ಕೆಲಸದ ಬಗೆ ನಾನೇ ಒಂದು ಸಲ ತಾಕಿನಲ್ಲಿ ನಿಂತು ನೋಡಿದ್ದು. ಬೇರೆ ಬೇರೆ ರಾಜ್ಯದ ಕೇಂದ್ರಗಳಿಂದ ಬಂದ ಬೀಜ ಸಣ್ಣ ಕಾಗದದ ಪಾಕೀಟಿನಲ್ಲಿ ಇರುತ್ತೆ, ಪಾಕೀಟಿನ ಮೇಲೆ ತಳಿ ಹೆಸರಿಲ್ಲ, ಯಾರದ್ದು ಅಂತಿಲ್ಲ, ಪೆನ್ನಲ್ಲಿ ಬರೆದ ಒಂದು ನಂಬರು ಅಷ್ಟೇ. ಬಿತ್ತೋರಿಗೆ ಅದು ಯಾವ ಊರಿನ ತಳಿ ಅಂತ ಗೊತ್ತಾಗಬಾರದು, ಗೊತ್ತಾದ್ರೆ ತಮ್ಮದಕ್ಕೆ ಒಂದು ಹಿಡಿ ಗೊಬ್ಬರ ಜಾಸ್ತಿ ಬೀಳಬಹುದಲ್ಲ. ಪಕ್ಕದಲ್ಲೇ ಈಗಾಗ್ಲೇ ಚಾಲ್ತಿಯಲ್ಲಿರೋ ಒಂದು ತಳಿ ಹಾಕಿರ್ತಾರೆ, ಹೋಲಿಸೋಕೆ, ಅದನ್ನ ಅಲ್ಲಿ ಎಲ್ಲರೂ ‘ಚೆಕ್ಕು’ ಅಂತಾರೆ. ಹೀಗೆ ಒಂದಲ್ಲ ಮೂರು ವರ್ಷ, ಬೇರೆ ಬೇರೆ ಮಣ್ಣು ಮಳೆಯಲ್ಲಿ ಗೆದ್ದು ಬಂದ್ರೆ ಮಾತ್ರ ಆ ನಂಬರಿಗೆ ಹೆಸರು ಸಿಗೋದು. ವರ್ಷಕ್ಕೊಂದು ಸಲ ಎಲ್ಲರೂ ಒಂದು ಕಡೆ ಸೇರಿ ಲೆಕ್ಕ ಒಪ್ಪಿಸ್ತಾರೆ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳ್ದಾಗ ಅವರು "ಅಂಗಾದ್ರೆ ಮುಯ್ಯಾಳು ಇದ್ದಂಗೆ ಅನ್ನು" ಅಂದ್ರು. ಅಲ್ಲೇ ನನಗೆ ಮೈ ಝುಂ ಅಂತು. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇಲ್ಲೂ ಹಾಗೇ, ಬೆಂಗಳೂರಿನವರ ತಳಿನ ಒಡಿಶಾದವರು ಬಿತ್ತಿ ನೋಡ್ತಾರೆ, ಅವರದ್ದನ್ನ ಇವರು ಬಿತ್ತಿ ನೋಡ್ತಾರೆ, ತನ್ನದನ್ನ ತಾನೇ ಒಳ್ಳೇದು ಅಂದ್ರೆ ನಡೆಯಲ್ಲ. ಸಹಭಾಗಿತ್ವ, ಸಹಯೋಗ ಅನ್ನೋ ಪದಗಳಲ್ಲಿ ಇಲ್ಲದ ಒಂದು ಕೊಡುಕೊಳೆ ‘ಮುಯ್ಯಿ’ ಅನ್ನೋದ್ರಲ್ಲಿ ಇದೆ. ಒಂದೇ ಅಡ್ಡಿ ಅಂದ್ರೆ ಮುಯ್ಯಾಳಿನಲ್ಲಿ ಕೂಲಿ ಇಲ್ಲ, ಮೇಲೆ ಕೂತು ದುಡ್ಡು ಕೊಡೋ ಒಡೆಯ ಇಲ್ಲ, ಇಲ್ಲಿ ಇದಾರೆ.

ದುಡ್ಡಿನ ಮಾತಿಗೆ ಬಂದ್ರೆ ಅಲ್ಲಿ ಇನ್ನೊಂದು ತೊಡಕು. ಖರ್ಚಲ್ಲಿ ಶೇ 75 ಪರಿಷತ್ತು ಕೊಡುತ್ತೆ, ಉಳಿದ ಶೇ 25 ವಿಶ್ವವಿದ್ಯಾಲಯ ತನ್ನ ರಾಜ್ಯ ಸರ್ಕಾರದ ಕಡೆಯಿಂದ ಹೊಂದಿಸ್ಕೋಬೇಕು. ಇದನ್ನ ನಾನು ಮೊದಲು ಬರೆದಿದ್ದು ಹೀಗೆ: ‘ಕೇಂದ್ರವು ಕೇಂದ್ರಕ್ಕೆ ಶೇ 75 ಅನುದಾನ ನೀಡುತ್ತದೆ, ಕೇಂದ್ರವು ಅದರ ಲೆಕ್ಕವನ್ನು ಕೇಂದ್ರಕ್ಕೆ ಸಲ್ಲಿಸಬೇಕು.’ ಯಾವುದು ಸರ್ಕಾರ, ಯಾವುದು ಬೀಜ ಬಿತ್ತೋ ಜಾಗ? ಬರೆದ ನನಗೇ ಮಾರನೇ ದಿನ ತಿಳೀಲಿಲ್ಲ. ಸದ್ಯಕ್ಕೆ ಸರ್ಕಾರಕ್ಕೆ ‘ದಿಲ್ಲಿ’ ಅಥವಾ ‘ಪರಿಷತ್ತು’ ಅಂತ, ಬಿತ್ತೋ ಜಾಗಕ್ಕೆ ‘ತಾಣ’ ಅಂತ ಬದಲಾಯಿಸಿದೀನಿ. ಅನುದಾನ ಅನ್ನೋದನ್ನ ಹಾಗೇ ಉಳಿಸಿಕೊಂಡೆ, ಅನುದಾನಿತ ಶಾಲೆ ಅಂತ ಹಳ್ಳೀಲೂ ಗೊತ್ತು. ‘ಸಹಾಯಧನ’ ಮಾತ್ರ ಬೇಡ, ರೈತರ ಪಾಲಿಗೆ ಅದು ಸ್ಪ್ರಿಂಕ್ಲರಿಗೆ, ಟಾರ್ಪಾಲಿಗೆ ಸಿಗೋ ಸಬ್ಸಿಡಿ, ಓದಿದವರು ಅರ್ಜಿ ಎಲ್ಲಿ ಕೊಡ್ಬೇಕು ಅಂತ ಕೃಷಿ ಇಲಾಖೆಗೆ ಹೋಗ್ತಾರೆ.

ಮುಂದಾಳತ್ವದ ಪದಗಳು ಇನ್ನೂ ಕಷ್ಟ. ಒಂದು ಕರಪತ್ರದಲ್ಲಿ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಅನ್ನೋದನ್ನ ‘ಪ್ರಧಾನ ತನಿಖಾಧಿಕಾರಿ’ ಮಾಡಿದ್ರು, ಮಷೀನು ಮಾಡಿದ ಅನುವಾದ ಇರಬೇಕು, ನೋಡಿ ತುಂಬಾ ಬೇಜಾರಾಯ್ತು, ಮೇಲೆ ‘ಜಾಲ’ ಕೆಳಗೆ ‘ತನಿಖಾಧಿಕಾರಿ’, ಪಾಪ ಆ ವಿಜ್ಞಾನಿ ಜೀವಮಾನ ಪೂರ್ತಿ ಸಾಮೆ ತೆನೆ ಎಣಿಸಿದವರು. ಅದಕ್ಕೆ ‘ಪ್ರಧಾನ ಸಂಶೋಧಕರು’ ಸಾಕು ಅಂತ ನನ್ನ ಅಭಿಪ್ರಾಯ, ಚರ್ಚೆ ಬೇಕಿಲ್ಲ.

ಆದ್ರೆ ಪ್ರಾಜೆಕ್ಟ್ ಕೋಆರ್ಡಿನೇಟರ್? ‘ಮುಖ್ಯಸ್ಥ’ ಅನ್ನೋದು ತಪ್ಪಾಗುತ್ತೆ. ತಾಣಗಳಲ್ಲಿ ಕೆಲಸ ಮಾಡೋರು ಆಯಾ ವಿಶ್ವವಿದ್ಯಾಲಯದ ನೌಕರರು, ಅವರನ್ನ ವರ್ಗ ಮಾಡೋ ಅಧಿಕಾರ ಇವರಿಗಿಲ್ಲ, ಬಡ್ತಿ ಇವರ ಕೈಲಿಲ್ಲ. ಆದ್ರೂ ಯಾವ ತಳಿ ಎಲ್ಲಿ ಬಿತ್ತಬೇಕು, ಯಾವ ಲೆಕ್ಕ ಒಪ್ಪಬೇಕು, ಯಾವುದನ್ನ ತಿರಸ್ಕರಿಸ್ಬೇಕು ಅನ್ನೋದೆಲ್ಲ ಇವರ ಸುತ್ತಲೇ ತಿರುಗುತ್ತೆ. ‘ಸಮನ್ವಯಾಧಿಕಾರಿ’ ಅನ್ನಬಹುದು, ಆದ್ರೆ ಓದಿದವರಿಗೆ ಮೊದ್ಲು ಶಿಕ್ಷಣ ಇಲಾಖೆ ನೆನಪಾಗುತ್ತೆ.

ನನಗೆ ಹೊಳೆದಿದ್ದು ‘ಮೇಟಿ’. ಕಣದ ನಡುವೆ ನೆಡೋ ಕಂಬ, ಎತ್ತುಗಳು ಅದರ ಸುತ್ತ ತುಳೀತಾ ತಿರುಗೋದು. ಮೇಟಿ ಎತ್ತನ್ನ ಹೊಡೆಯಲ್ಲ, ಎಳೆಯಲ್ಲ, ಆದ್ರೆ ಅದು ಅಲುಗಿದ್ರೆ ಇಡೀ ಕಣ ಚೆಲ್ಲಾಪಿಲ್ಲಿ. ಹಿರಿಯ, ಮುಂದಾಳು ಅನ್ನೋ ಅರ್ಥವೂ ಆ ಪದಕ್ಕೆ ಮೊದ್ಲಿಂದ ಇದೆ, ಬೇಸಾಯಕ್ಕೆ ಮೇಟಿ ವಿದ್ಯೆ ಅಂತ ಎಲ್ಲರೂ ಅಂತಾರೆ. ಹಾಗಾಗಿ ಲೀಡ್ ಸೆಂಟರ್, ಅಂದ್ರೆ ಉಳಿದ ತಾಣಗಳಿಗೆಲ್ಲ ನಡುವಿನ ಮುಖ್ಯ ತಾಣ, ಅನ್ನೋದಕ್ಕೆ ‘ಮೇಟಿ ತಾಣ’ ಅಂತ ಬರೆದ್ರೆ? ನನಗಂತೂ ತುಂಬಾ ಇಷ್ಟ ಆಗಿದೆ, ಆದ್ರೆ ಕಣ ಮಾಡೋದೇ ನಿಂತುಹೋಗಿದೆ, ರಸ್ತೆ ಮೇಲೆ ಹುಲ್ಲು ಹರಡಿ ಗಾಡಿ ಓಡಿಸಿ ಒಕ್ಕಣೆ ಆಗುತ್ತೆ, ಇಪ್ಪತ್ತು ವರ್ಷದ ಹುಡುಗನಿಗೆ ಮೇಟಿ ಅಂದ್ರೆ ಗೊತ್ತಾಗುತ್ತಾ ಅನ್ನೋದೇ ಭಯ.

ದಿಲ್ಲಿಯ ಪರಿಷತ್ತಿಗೂ ಹಿಂದೆ ಆಡಳಿತಗಾರರೇ ಮೇಲಿರ್ತಿದ್ರು, 1965ರಲ್ಲಿ ಗೋಧಿ ತಳಿವಿಜ್ಞಾನಿ ಬಿ.ಪಿ. ಪಾಲ್ ಅವರನ್ನ ಮಹಾನಿರ್ದೇಶಕರನ್ನಾಗಿ ಮಾಡಿದ ಮೇಲೆ ವಿಜ್ಞಾನಿಗಳೇ ನಡೆಸೋ ರೂಢಿ ಬಂತು. ನಮ್ಮ ಯಳಂದೂರಿನ ಎಸ್. ಅಯ್ಯಪ್ಪನ್ ಅವರು 2010ರಿಂದ 2016ರವರೆಗೆ ಆ ಜಾಗದಲ್ಲಿದ್ರು, ಮೀನುಗಾರಿಕೆ ವಿಜ್ಞಾನಿ, ಬೆಳೆ ವಿಜ್ಞಾನದ ಹೊರಗಿಂದ ಅಲ್ಲಿಗೆ ಹೋದ ಮೊದಲಿಗರು. ಅವರ ಬಗ್ಗೆ ಲೇಖನದಲ್ಲಿ ಒಂದು ಪ್ಯಾರಾ ಇದೆ, ಅದರಲ್ಲೂ ‘ಮಹಾನಿರ್ದೇಶಕ’ ಅಂತಲೇ ಬರೆದಿದೀನಿ, ಪೊಲೀಸ್ ಇಲಾಖೆಯಲ್ಲೂ ಅದೇ ಪದ, ಆದ್ರೆ ಇದು ರೂಢಿ ಆಗಿರೋದ್ರಿಂದ ಮುಟ್ಟಲ್ಲ.

ಇನ್ನು ‘ಅನುಸಂಧಾನ’. ಹಿಂದಿಯಲ್ಲಿ ಅದು ಸಂಶೋಧನೆ. ಕನ್ನಡದಲ್ಲಿ ನಾವು ಅನುಸಂಧಾನ ಅಂದ್ರೆ ಒಂದು ಪಠ್ಯದ ಜೊತೆ, ಒಂದು ಪರಂಪರೆ ಜೊತೆ ಮನಸ್ಸಿಟ್ಟು ಒಡನಾಡೋದು, ಧ್ಯಾನ ಅನ್ನೋ ಛಾಯೆಯೂ ಇದೆ. ಪರಿಷತ್ತಿನ ಹೆಸರಲ್ಲಿ ಅದು ಹಳೇದು, ಇರಲಿ. ಈಗ 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಅಂತ ಬಂದಿದೆಯಲ್ಲ, ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದಾಜು ಹಾಕಿರೋದು, ಪ್ರಧಾನಮಂತ್ರಿಗಳು ಅದರ ಪದನಿಮಿತ್ತ ಅಧ್ಯಕ್ಷರು. ಆ ಹೆಸರನ್ನ ಕನ್ನಡದಲ್ಲಿ ಓದಿದ್ರೆ ಅನುಸಂಧಾನ ಬೇರೆ, ಸಂಶೋಧನೆ ಬೇರೆ, ಎರಡೂ ಮಾಡೋ ಸಂಸ್ಥೆ ಅನ್ನೋ ಹಾಗಿದೆ. ಹಿಂದಿ ಪದ ಅಂತ ತೋರಿಸೋಕೆ ‘ಅನುಸಂಧಾನ್’ ಅಂತ ಅರ್ಧಾಕ್ಷರದಲ್ಲೇ ನಿಲ್ಲಿಸೋದು ವಾಸಿನಾ?

ನಿಮ್ಮಿಂದ ನನಗೆ ಬೇಕಿರೋದು ಮುಖ್ಯವಾಗಿ ಎರಡು. ‘ಮುಯ್ಯಾಳು’ ಅನ್ನೋದು ಧಾರವಾಡ, ರಾಯಚೂರು, ಕಲಬುರಗಿ ಕಡೆ ಇದೇ ಅರ್ಥದಲ್ಲಿ ನಡೆಯುತ್ತಾ, ಕರಾವಳಿಯಲ್ಲಿ ಇದಕ್ಕೆ ಏನಂತಾರೆ? ಪತ್ರಿಕೆ ಬೀದರಿಗೂ ಹೋಗುತ್ತೆ, ಹಾಗಾಗಿ ಮಂಡ್ಯ ತುಮಕೂರಿಗೆ ಮಾತ್ರ ತಿಳಿಯೋ ಪದ ತಲೆಬರಹಕ್ಕೆ ಆಗಲ್ಲ. ಎರಡನೇದು, ಮೇಟಿ ಅನ್ನೋದನ್ನ ಕಣದ ಕಂಬ ಅನ್ನೋ ಅರ್ಥದಲ್ಲಿ ನಿಮ್ಮ ಮನೆ ಹುಡುಗರ ಹತ್ರ ಒಂದು ಸಲ ಕೇಳಿ ನೋಡಿ, ಏನು ಹೇಳಿದ್ರು ಅಂತ ಹಾಗೇ ಬರೀರಿ, ಸರಿಪಡಿಸ್ಬೇಡಿ. ಸದ್ಯಕ್ಕೆ ತಲೆಬರಹ ‘ಹೊಲದಿಂದ ಹೊಲಕ್ಕೆ ಮುಯ್ಯಿ: ರಾಗಿ ತಳಿ ಹುಟ್ಟೋ ಬಗೆ’ ಅಂತ ಬದಲಾಯಿಸಿ ಕಳಿಸಿದೀನಿ, ಶುಕ್ರವಾರದವರೆಗೆ ತಿದ್ದೋಕೆ ಅವಕಾಶ ಇದೆ.